ಗೋಡೆಯಿಂದ ಶುರುಮಾಡಿ



ನಾನು ಇಂಜಿನಿಯರ್ ಅಲ್ಲ, ಗೃಹಿಣಿ. ಮನೆಯ ಕಂಪ್ಯೂಟರ್ ಮತ್ತು ಅವ್ವನ ಮೊಬೈಲು ನನಗೆ ಕಲಿಸಿದ ಎರಡು ಪಾಠಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

2020ರ ಮಳೆಗಾಲ, ಕೊರೋನಾ ಕಾಲ. ಮಗಳಿಗೆ ಅಂದು ಆನ್‌ಲೈನ್ ಪರೀಕ್ಷೆ. ಬೆಳಿಗ್ಗೆ ಬಟನ್ ಒತ್ತಿದರೆ ಕಂಪ್ಯೂಟರಿನಲ್ಲಿ ಲೈಟೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ. ರಿಪೇರಿಯವರಿಗೆ ಫೋನ್ ಮಾಡಿದೆ. ನೋಡದೆಯೇ "ಮದರ್‌ಬೋರ್ಡ್ ಹೋಗಿದೆ ಮೇಡಂ, ಹೊಸದು ಹಾಕಿಸಿ" ಎಂದರು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನ ಗದ್ದಲಕ್ಕೆ ಹೋಗುವ ಧೈರ್ಯ ಆಗ ಯಾರಿಗಿತ್ತು?

ಮಿಕ್ಸಿ ಕೆಟ್ಟರೆ ಏನು ಮಾಡುತ್ತೇವೆ? ಮೊದಲು ಪ್ಲಗ್ ನೋಡುತ್ತೇವೆ. ಹಾಗೆಯೇ ಗೋಡೆಯಿಂದ ಶುರುಮಾಡಿದೆ. ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿದೆ, ಉರಿಯಿತು. ಯುಪಿಎಸ್ ಬಿಟ್ಟು ನೇರವಾಗಿ ಗೋಡೆಗೆ ಕೊಟ್ಟೆ, ಆಗಲಿಲ್ಲ. ಮಾನಿಟರಿನ ವೈರು ತೆಗೆದು ಸಿಪಿಯುಗೆ ಚುಚ್ಚಿದೆ. ಫ್ಯಾನ್ ತಿರುಗಿತು! ಕೆಟ್ಟದ್ದು ವೈರು ಮಾತ್ರ. ಮಗಳು ಹತ್ತು ನಿಮಿಷ ತಡವಾಗಿ ಪರೀಕ್ಷೆಗೆ ಕೂತಳು.

ಲಕ್ಷಣ ನೋಡಿ ರೋಗ ಗುರುತಿಸಬಹುದು. ಲೈಟು, ಸದ್ದು ಎರಡೂ ಇಲ್ಲದಿದ್ದರೆ ವೈರು, ಯುಪಿಎಸ್ ಅಥವಾ ಎಸ್‌ಎಂಪಿಎಸ್ ಮೇಲೆ ಅನುಮಾನ. ಫ್ಯಾನ್ ತಿರುಗಿಯೂ ಪರದೆ ಕಪ್ಪಗಿದ್ದರೆ ಮಾನಿಟರಿನ ಕೇಬಲ್ ಅಥವಾ ರ‍್ಯಾಮ್. ಸ್ವಲ್ಪ ಹೊತ್ತು ನಡೆದು ಆರಿಹೋದರೆ ಹೆಚ್ಚಾಗಿ ಧೂಳು, ಬಿಸಿ. ಪ್ರತಿಸಲವೂ ದಿನಾಂಕ ತಪ್ಪುತ್ತಿದ್ದರೆ ಒಳಗಿನ 3 ವೋಲ್ಟ್‌ನ ಪುಟ್ಟ ಬಿಲ್ಲೆ ಬ್ಯಾಟರಿ ಮುಗಿದಿದೆ. ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಎರಡನೆಯ ಪಾಠ ಸ್ವಲ್ಪ ನೋವಿನದು. ರಾಯಚೂರಿನಲ್ಲಿ ಒಬ್ಬಳೇ ಇರುವ ಅವ್ವನಿಗೆ ತಮ್ಮ ಅಮೆರಿಕದಿಂದ ಫೋನ್ ತಂದುಕೊಟ್ಟ. ಸಿಮ್ ಕೂತಿತು, ವಾಟ್ಸಾಪ್ ನಡೆಯಿತು. ನಾವೆಲ್ಲ ವಾಟ್ಸಾಪಿನಲ್ಲೇ ಮಾತಾಡುತ್ತಿದ್ದೆವು. ಒಂದು ರಾತ್ರಿ ಅವ್ವ ಬಚ್ಚಲಲ್ಲಿ ಜಾರಿಬಿದ್ದಳು. ನಂಬರ್ ಒತ್ತಿದರೆ ಕರೆ ಹೋಗಲೇ ಇಲ್ಲ. ಕೂಗು ಕೇಳಿ ಪಕ್ಕದ ಮನೆಯವರು ಬಂದರು. "ಚಂದ ಫೋನ್ ಕೊಟ್ಟೀರಿ ಖರೆ, ಒಂದ್ ಮಾತೂ ಹೋಗವಲ್ದಲ್ಲವಾ" ಎಂದಳು ಅವ್ವ. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ತಿಳಿಯಿತು: ಬರೀ 4ಜಿ ಇರುವ ಜಾಲದಲ್ಲಿ ಸಾದಾ ಕರೆ ಹೋಗುವುದು ವೋಲ್ಟಿಇ ಮೂಲಕ. ಆ ಫೋನಿನಲ್ಲಿ ಇಂಟರ್ನೆಟ್ ಬರುತ್ತಿತ್ತು, ಆದರೆ ನಮ್ಮ ಸಿಮ್ಮಿಗೆ ವೋಲ್ಟಿಇ ಇರಲಿಲ್ಲ. ಹೊರದೇಶದ ಫೋನ್ ತರಿಸುವ ಮುಂಚೆ ಮೂರು ಪ್ರಶ್ನೆ ಕೇಳಿ. ಅದು ಅಲ್ಲಿನ ಕಂಪನಿಗೆ ಲಾಕ್ ಆಗಿದೆಯೇ? ನಮ್ಮ ಜಾಲದ ಬ್ಯಾಂಡ್‌ಗಳು ಅದರಲ್ಲಿವೆಯೇ? ನಮ್ಮ ಸಿಮ್ಮಿನ ವೋಲ್ಟಿಇ ಅದರಲ್ಲಿ ನಡೆಯುತ್ತದೆಯೇ? ಫೋನ್ ಕೈಗೆ ಬಂದ ದಿನವೇ ವೈಫೈ ಆರಿಸಿ, ಸಾದಾ ಕರೆ ಒಂದು ಮಾಡಿ, ಒಂದು ತರಿಸಿಕೊಳ್ಳಿ. ಎರಡೇ ನಿಮಿಷದ ಕೆಲಸ. ನಾನು ಅದನ್ನು ಮಾಡಿರಲಿಲ್ಲ.

"ನಮಗೆ ಇದೆಲ್ಲ ತಿಳಿಯಲ್ಲ, ಅವರು ಬರಲಿ" ಎಂದು ಗಂಡನಿಗೋ ಮಗನಿಗೋ ಕಾಯುವ ಅಭ್ಯಾಸ ಬಿಡೋಣ. ಇಂದು ಮನೆಗೆ ಹೋದ ಮೇಲೆ ಊರಿನಲ್ಲಿರುವ ಅಮ್ಮನಿಗೋ ಅತ್ತೆಗೋ ವಾಟ್ಸಾಪ್ ಬಿಟ್ಟು ಸಾದಾ ಫೋನ್ ಮಾಡಿ. ಆಮೇಲೆ ಅವರಿಂದಲೂ ಒಂದು ಕರೆ ಮಾಡಿಸಿ ನೋಡಿ.