ಸಾರ್ವಜನಿಕ ಹಣದ ಗಣಕಯಂತ್ರ: ಬೀಗದ ಕೈ ಯಾರಲ್ಲಿರಬೇಕು?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಪಂಚಾಯಿತಿಯ ಹಣದಿಂದ ಕೊಳವೆಬಾವಿಗೆ ಪಂಪ್‌ಸೆಟ್ ಅಳವಡಿಸಿದರೆ, ಅದರ ಸ್ಟಾರ್ಟರ್ ಪೆಟ್ಟಿಗೆಯ ಬೀಗದ ಕೈ ನೀರುಗಂಟಿಯ ಬಳಿಯಲ್ಲೋ ಕಚೇರಿಯಲ್ಲೋ ಇರಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಹಣದಿಂದ ಕೊಂಡ ಗಣಕಯಂತ್ರಕ್ಕೂ ಇಂತಹ ಒಂದು ಬೀಗವಿದೆ. ಅದು ಕಣ್ಣಿಗೆ ಕಾಣದ ಕಾರಣ, ಅದರ ಕೈ ಯಾರ ವಶದಲ್ಲಿದೆ ಎಂಬ ಪ್ರಶ್ನೆಯು ಖರೀದಿಯ ಸಮಯದಲ್ಲಿ ಅಪರೂಪಕ್ಕೆ ಮಾತ್ರ ಏಳುತ್ತದೆ.

ಈ ಪ್ರಶ್ನೆಗೆ ಈಗ ತುರ್ತು ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಹೆಚ್ಚುವರಿ ಅವಧಿಯ ಯೋಜನೆಗೆ ಸೇರದ ಯಂತ್ರಗಳಿಗೆ ಇನ್ನು ಭದ್ರತಾ ಪರಿಷ್ಕರಣೆಗಳು ದೊರೆಯುವುದಿಲ್ಲ. ವಿಂಡೋಸ್ 11 ಅಳವಡಿಸಲು ಟಿಪಿಎಂ 2.0 ಎಂಬ ಭದ್ರತಾ ಘಟಕವೂ ನಿಗದಿತ ಪ್ರೊಸೆಸರ್‌ಗಳೂ ಬೇಕು. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಈ ಅರ್ಹತೆಯಿಲ್ಲ. ಗ್ರಂಥಾಲಯದಲ್ಲಿ ಮಕ್ಕಳು ಬಳಸುತ್ತಿರುವ, ಇನ್ನೂ ಸುಸ್ಥಿತಿಯಲ್ಲಿರುವ ಯಂತ್ರವನ್ನು ಗುಜರಿಗೆ ಹಾಕುವ ಬದಲು, ಪರವಾನಗಿ ಶುಲ್ಕವಿಲ್ಲದ ಲಿನಕ್ಸ್ ಆಧಾರಿತ ಸ್ವತಂತ್ರ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸುವ ದಾರಿಯಿದೆ. ಉಬುಂಟು, ಡೆಬಿಯನ್, ಫೆಡೋರಾ ಹಾಗೂ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಈ ಬಗೆಯವು. ಕೇರಳದ ಸರ್ಕಾರಿ ಶಾಲೆಗಳು ಹಲವು ವರ್ಷಗಳಿಂದ ಇಂತಹ ವ್ಯವಸ್ಥೆಯಲ್ಲೇ ಪಾಠ ನಡೆಸುತ್ತಿವೆ. ಕೇಂದ್ರ ಸರ್ಕಾರವೂ 2015ರಲ್ಲಿ ಮುಕ್ತ ಆಕರ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಲಿನಕ್ಸ್‌ನಲ್ಲಿ ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಲಭ್ಯವಿದೆ.

ಆದರೆ ಈ ದಾರಿಯ ಬಾಗಿಲಲ್ಲೇ ಮೇಲೆ ಹೇಳಿದ ಬೀಗವಿದೆ. ಗಣಕಯಂತ್ರದ ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಥವಾ ಲಿನಕ್ಸ್ ಅಲ್ಲ. ಮುಖ್ಯ ಫಲಕದ ಚಿಪ್‌ನಲ್ಲಿ ತಯಾರಕರು ತುಂಬಿಸಿರುವ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ. ಹಿಂದೆ ಇದನ್ನು ಬಯೋಸ್ ಎನ್ನುತ್ತಿದ್ದರು. ಇಂದಿನ ಯಂತ್ರಗಳಲ್ಲಿ ಇರುವುದು ಯುಇಎಫ್‌ಐ. ಇದರಲ್ಲಿರುವ ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆಯು, ಕಾರ್ಯಾಚರಣಾ ವ್ಯವಸ್ಥೆಯನ್ನು ಹೊತ್ತು ತರುವ ಆರಂಭಿಕ ತಂತ್ರಾಂಶಕ್ಕೆ ಮಾನ್ಯವಾದ ಡಿಜಿಟಲ್ ಸಹಿ ಇದೆಯೇ ಎಂದು ಪರೀಕ್ಷಿಸುತ್ತದೆ. ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಇಲ್ಲದೆ ಪಂಚಾಯಿತಿಯ ಪಾವತಿ ಮುಂದೆ ಸಾಗದಿರುವಂತೆಯೇ, ಫರ್ಮ್‌ವೇರ್‌ನ ಪಟ್ಟಿಯಲ್ಲಿರುವ ಕೀಲಿಗೆ ಹೊಂದುವ ಸಹಿ ಇಲ್ಲದ ತಂತ್ರಾಂಶವು ಅಲ್ಲಿಗೇ ನಿಲ್ಲುತ್ತದೆ.

ಈ ಬೀಗವೇ ತಪ್ಪೆಂದು ಭಾವಿಸಬಾರದು. ಕಾರ್ಯಾಚರಣಾ ವ್ಯವಸ್ಥೆಗಿಂತ ಮೊದಲೇ ಯಂತ್ರದೊಳಗೆ ಸೇರುವ ದುಷ್ಟ ತಂತ್ರಾಂಶವನ್ನು ನಂತರ ಎಚ್ಚರಗೊಳ್ಳುವ ಆಂಟಿವೈರಸ್ ಪತ್ತೆಹಚ್ಚುವುದು ಕಷ್ಟ. ಅದನ್ನು ತಡೆಯುವುದೇ ಸೆಕ್ಯೂರ್ ಬೂಟ್‌ನ ಉದ್ದೇಶ. ವಿವಾದವಿರುವುದು, ಪಟ್ಟಿಯಲ್ಲಿ ಯಾರ ಕೀಲಿ ಇರಬೇಕೆಂದು ನಿರ್ಧರಿಸುವವರು ಯಾರು ಎಂಬುದರಲ್ಲಿ.

2012ರಲ್ಲಿ ವಿಂಡೋಸ್ 8 ಬಂದಾಗ, ಅದರ ಪ್ರಮಾಣಪತ್ರ ಬಯಸುವ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಚಾಲನೆಯಲ್ಲಿರಬೇಕೆಂದು ಮೈಕ್ರೋಸಾಫ್ಟ್ ವಿಧಿಸಿತು. ಇಂಟೆಲ್ ಮಾದರಿಯ ಸಾಮಾನ್ಯ ಯಂತ್ರಗಳಲ್ಲಿ ಬಳಕೆದಾರರು ಅದನ್ನು ನಿಲ್ಲಿಸಲು ಮತ್ತು ಸ್ವಂತ ಕೀಲಿ ಸೇರಿಸಲು ಅವಕಾಶವಿರಬೇಕೆಂದೂ ಹೇಳಿತ್ತು. ಆದರೆ ಎಆರ್‌ಎಂ ಪ್ರೊಸೆಸರ್‌ನ ಯಂತ್ರಗಳಲ್ಲಿ ಅದನ್ನು ನಿಲ್ಲಿಸಲು ಅವಕಾಶವಿರಕೂಡದೆಂದಿತು. ಇದರ ಮುನ್ಸೂಚನೆ ದೊರೆತ 2011ರಲ್ಲೇ ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಒಂದು ಭೇದವನ್ನು ಸ್ಪಷ್ಟಪಡಿಸಿತು: ಕೀಲಿಯ ನಿಯಂತ್ರಣ ಮಾಲೀಕನಲ್ಲಿದ್ದರೆ ಅದು ಸುರಕ್ಷಿತ ಬೂಟ್, ಇಲ್ಲದಿದ್ದರೆ ಅದು ನಿರ್ಬಂಧಿತ ಬೂಟ್. 2013ರಲ್ಲಿ ಸ್ಪೇನ್ ದೇಶದ ಲಿನಕ್ಸ್ ಬಳಕೆದಾರರ ಸಂಘವಾದ ಹಿಸ್ಪಾಲಿನಕ್ಸ್, ಇದು ಸ್ಪರ್ಧೆಗೆ ಅಡ್ಡಿಯೆಂದು ಯುರೋಪಿಯನ್ ಆಯೋಗಕ್ಕೆ ದೂರು ನೀಡಿತು. 2015ರ ವಿಂಡೋಸ್ 10ರ ಹೊತ್ತಿಗೆ, ನಿಲ್ಲಿಸುವ ಅವಕಾಶ ನೀಡಬೇಕೋ ಬೇಡವೋ ಎಂಬುದು ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಯಿತು.

ಸ್ವತಂತ್ರ ತಂತ್ರಾಂಶದ ತಂತ್ರಜ್ಞರು ಇದಕ್ಕೊಂದು ಪರಿಹಾರ ಕಂಡುಕೊಂಡರು. ಶಿಮ್ ಎಂಬ ಪುಟ್ಟ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್‌ನ ಸಹಿ ಪಡೆದು, ಅದರ ಮೂಲಕ ಲಿನಕ್ಸ್ ಆರಂಭವಾಗುವಂತೆ ಮಾಡಿದರು. 2012ರಲ್ಲಿ ಉಬುಂಟು 12.10, 2013ರಲ್ಲಿ ಫೆಡೋರಾ 18, 2019ರಲ್ಲಿ ಡೆಬಿಯನ್ 10 ಈ ಸೌಲಭ್ಯ ಪಡೆದವು. ಆದ್ದರಿಂದ ಬಹುಪಾಲು ಯಂತ್ರಗಳಲ್ಲಿ ಇಂದು ಬೀಗ ತೆಗೆಯದೆಯೇ ಇವುಗಳನ್ನು ಅಳವಡಿಸಬಹುದು. ಆದರೂ ಸ್ಪರ್ಧಿಯಾದ ಒಂದೇ ಸಂಸ್ಥೆಯ ಸಹಿಯನ್ನು ಅವಲಂಬಿಸಬೇಕಾದ ಸ್ಥಿತಿ ಹಾಗೆಯೇ ಉಳಿದಿದೆ. 2022ರಿಂದ ಕೆಲವು ಹೊಸ ಲ್ಯಾಪ್‌ಟಾಪ್‌ಗಳು, ಶಿಮ್‌ನಂತಹ ಇತರರ ತಂತ್ರಾಂಶಕ್ಕೆ ಸಹಿ ಮಾಡುವ ಆ ಕೀಲಿಯನ್ನು ಅಮಾನ್ಯವೆಂದು ಇರಿಸಿಕೊಂಡೇ ಕಾರ್ಖಾನೆಯಿಂದ ಹೊರಬರುತ್ತಿವೆ. ಖರೀದಿಸಿದವರು ಫರ್ಮ್‌ವೇರ್ ಒಳಹೊಕ್ಕು ಅದನ್ನು ಮಾನ್ಯಗೊಳಿಸಬೇಕು. 2011ರ ಮೂಲ ಪ್ರಮಾಣಪತ್ರಗಳ ಅವಧಿಯೂ 2026ರಲ್ಲಿ ಮುಗಿಯುವುದರಿಂದ, 2023ರ ಹೊಸ ಕೀಲಿ ತಲುಪದ ಯಂತ್ರಗಳಲ್ಲಿ ಮುಂದಿನ ಲಿನಕ್ಸ್ ಆವೃತ್ತಿಗಳು ಆರಂಭವಾಗದಿರುವ ಸಾಧ್ಯತೆಯಿದೆ.

ಈ ಎಲ್ಲದಕ್ಕಿಂತ ಹತ್ತಿರದ ಅಡ್ಡಿಯೆಂದರೆ ಫರ್ಮ್‌ವೇರ್‌ನ ಪಾಸ್‌ವರ್ಡ್. ಸರಬರಾಜುದಾರರೋ ದುರಸ್ತಿಗೆ ಬಂದವರೋ ಅದನ್ನು ಹಾಕಿ, ತಿಳಿಸದೆ ಹೋದರೆ, ಪಂಚಾಯಿತಿಯು ತನ್ನದೇ ಯಂತ್ರಕ್ಕೆ ಪರಕೀಯವಾಗುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ತೆಗೆದರೂ ಈ ಪಾಸ್‌ವರ್ಡ್ ಅಳಿಯುವುದಿಲ್ಲ. ತಯಾರಕರ ಬಳಿಗೇ ಹೋಗಬೇಕಾಗುತ್ತದೆ.

ಇಲ್ಲಿ ಸದಸ್ಯರ ಪಾತ್ರ ತಾಂತ್ರಿಕವಾದುದಲ್ಲ, ಆಡಳಿತಾತ್ಮಕವಾದುದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಚೌಕಟ್ಟಿನಲ್ಲೇ ಖರೀದಿ ಷರತ್ತುಗಳಲ್ಲಿ ಕೆಳಕಂಡ ಅಂಶಗಳನ್ನು ಸೇರಿಸಲು ಸಭೆಯು ಸೂಚಿಸಬಹುದು:

1. ಸೆಕ್ಯೂರ್ ಬೂಟ್ ಅನ್ನು ನಿಲ್ಲಿಸಲು ಹಾಗೂ ಮಾಲೀಕರ ಕೀಲಿ ಸೇರಿಸಲು ಯಂತ್ರದಲ್ಲಿ ಅವಕಾಶವಿರಬೇಕು.

2. ಫರ್ಮ್‌ವೇರ್ ಪಾಸ್‌ವರ್ಡ್ ಇದ್ದಲ್ಲಿ ಅದನ್ನು ಮುಚ್ಚಿದ ಲಕೋಟೆಯಲ್ಲಿ ಪಂಚಾಯಿತಿಗೆ ಒಪ್ಪಿಸಬೇಕು. ಒಪ್ಪಿಸಿದ ವಿವರ ದಾಸ್ತಾನು ವಹಿಯಲ್ಲಿ ದಾಖಲಾಗಬೇಕು.

3. ಬಿಲ್ಲು ಪಾವತಿಗೆ ಮುನ್ನ, ಪೆನ್‌ಡ್ರೈವ್‌ನಿಂದ ಒಂದು ಲಿನಕ್ಸ್ ವ್ಯವಸ್ಥೆಯನ್ನು ಆರಂಭಿಸಿ ತೋರಿಸಬೇಕು.

4. ಬೇರೆ ಕಾರ್ಯಾಚರಣಾ ವ್ಯವಸ್ಥೆ ಅಳವಡಿಸಿದ ಮಾತ್ರಕ್ಕೆ ಯಂತ್ರಾಂಶದ ವಾರಂಟಿ ರದ್ದಾಗಬಾರದು.

5. ಫರ್ಮ್‌ವೇರ್ ಪರಿಷ್ಕರಣೆಗಳನ್ನು ಎಷ್ಟು ವರ್ಷ ಒದಗಿಸಲಾಗುವುದೆಂದು ಲಿಖಿತವಾಗಿ ತಿಳಿಸಬೇಕು.

ಈಗಾಗಲೇ ಇರುವ ಯಂತ್ರಗಳ ವಿಷಯದಲ್ಲಿ ಎಚ್ಚರ ಅಗತ್ಯ. ಸೆಕ್ಯೂರ್ ಬೂಟ್ ಬದಲಿಸಿದರೆ, ಬಿಟ್‌ಲಾಕರ್ ಇರುವ ವಿಂಡೋಸ್ ಯಂತ್ರವು ಮರುಪಡೆಯುವ ಕೀಲಿಯನ್ನು ಕೇಳಬಹುದು. ಆ ಕೀಲಿ ಇಲ್ಲದಿದ್ದರೆ ಕಡತಗಳು ಕೈತಪ್ಪುತ್ತವೆ. ಆದ್ದರಿಂದ ಮೊದಲು ದತ್ತಾಂಶದ ಪ್ರತಿ ತೆಗೆಯಬೇಕು, ಕೀಲಿಯನ್ನು ಬರೆದಿಡಬೇಕು. ಡಿಜಿಟಲ್ ಸಹಿಯ ಟೋಕನ್, ಮುದ್ರಕ, ಬೆರಳಚ್ಚು ಸಾಧನ ಇವೆಲ್ಲ ಹೊಸ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸದೆ ಕಚೇರಿಯ ಮುಖ್ಯ ಯಂತ್ರವನ್ನು ಮುಟ್ಟಬಾರದು. ಗ್ರಂಥಾಲಯದ ಒಂದು ಯಂತ್ರದಿಂದ ಆರಂಭಿಸುವುದು ಸೂಕ್ತ. ಅಲ್ಲಿಯೂ ಸೆಕ್ಯೂರ್ ಬೂಟ್ ಅನ್ನು ನಿಲ್ಲಿಸದೆ ಅಳವಡಿಸಲು ಮೊದಲು ಪ್ರಯತ್ನಿಸಬೇಕು; ನಿಲ್ಲಿಸುವುದು ಕೊನೆಯ ಉಪಾಯವಾಗಿರಲಿ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಪಂಚಾಯಿತಿಯ ಪ್ರತಿಯೊಂದು ಗಣಕಯಂತ್ರದ ವಯಸ್ಸು, ಕಾರ್ಯಾಚರಣಾ ವ್ಯವಸ್ಥೆ ಹಾಗೂ ಪಾಸ್‌ವರ್ಡ್ ಯಾರ ವಶದಲ್ಲಿದೆ ಎಂಬ ಪಟ್ಟಿಯನ್ನು ಸಭೆಯ ಮುಂದಿರಿಸಲು ನಿರ್ಣಯಿಸಬಹುದು. ವಿಂಡೋಸ್ ಉಳಿಸಿಕೊಳ್ಳಬೇಕೋ ಲಿನಕ್ಸ್ ತರಬೇಕೋ ಎಂಬುದು ಆಯಾ ಪಂಚಾಯಿತಿಯ ಅಗತ್ಯಕ್ಕೆ ಬಿಟ್ಟದ್ದು. ಆದರೆ ಆ ತೀರ್ಮಾನವು ಸಭೆಯ ನಡವಳಿಯಲ್ಲಿ ಆಗಬೇಕೇ ಹೊರತು, ಕಾರ್ಖಾನೆಯಲ್ಲಿ ಮೊದಲೇ ಆಗಿಹೋಗಿರಬಾರದು.