ತಿಮಿಂಗಿಲ ಎಲ್ಲಿ?

ಇವತ್ತು ಒಂದೇ ಒಂದು ಚಿತ್ರದ ಬಗ್ಗೆ ಮಾತಾಡೋಣ. ಅಮೆರಿಕದ ಕಲಾವಿದ ಫ್ರಾಂಕ್ ಸ್ಟೆಲ್ಲಾ 1992ರಲ್ಲಿ ಮಾಡಿದ 'ದಿ ಫೌಂಟನ್'. ಎತ್ತರ ಸುಮಾರು 2.3 ಮೀಟರ್, ಅಗಲ 7 ಮೀಟರ್. ಇಷ್ಟು ದೊಡ್ಡದಿದೆ, ಕ್ಯಾನ್ವಾಸ್ ಇರಬೇಕು ಅಂದ್ಕೋಬೇಡಿ. ಇದು ಕಾಗದದ ಮೇಲೆ ಒತ್ತಿದ ಅಚ್ಚು.

ಹೆಸರು ಬಂದಿದ್ದು ಹರ್ಮನ್ ಮೆಲ್ವಿಲ್ ಅವರ 1851ರ ಕಾದಂಬರಿ 'ಮೊಬಿ ಡಿಕ್'ನ 85ನೇ ಅಧ್ಯಾಯದಿಂದ. ತಿಮಿಂಗಿಲ ಬೇಟೆಯ ಕತೆ ಅದು. ಆದ್ರೆ ಚಿತ್ರದಲ್ಲಿ ತಿಮಿಂಗಿಲ ಇಲ್ಲ, ಹಡಗಿಲ್ಲ, ಒಂಟಿ ಕಾಲಿನ ಕ್ಯಾಪ್ಟನ್ ಏಹಬ್ ಕೂಡ ಇಲ್ಲ. ಇರೋದು ಸುರುಳಿ, ಗೆರೆಗಳ ಜಾಲ, ಒಂದರ ಮೇಲೊಂದು ಹತ್ತಿ ಕೂತ ಬಣ್ಣ. "ಮತ್ತೆ ಆ ಹೆಸರು ಯಾಕೆ?" ಅಂತ ಕೇಳೋರು ಪೆದ್ದರೇನಲ್ಲ.

ಉತ್ತರ ಪುಸ್ತಕದೊಳಗೇ ಇದೆ. 85ನೇ ಅಧ್ಯಾಯದಲ್ಲಿ ಕತೆ ಮುಂದಕ್ಕೇ ಹೋಗಲ್ಲ. ನಿರೂಪಕ ಇಶ್ಮೇಲ್ ಒಂದು ತಕರಾರು ಹಿಡ್ಕೊಂಡು ಕೂರ್ತಾನೆ: ತಿಮಿಂಗಿಲ ತಲೆ ಮೇಲಿಂದ ಚಿಮ್ಮಿಸೋದು ನೀರೋ, ಬರೀ ಆವಿಯೋ? ಬೇಟೆಗಾರರು ತಲೆತಲಾಂತರದಿಂದ ಹತ್ತಿರದಿಂದಲೇ ನೋಡ್ತಿದ್ದಾರೆ. ಆದ್ರೂ ಈ ಡಿಸೆಂಬರ್ 16ರ ಮಧ್ಯಾಹ್ನ ಒಂದು ಗಂಟೆ ಹದಿನೈದೂಕಾಲು ನಿಮಿಷದವರೆಗೆ ಇದು ಇತ್ಯರ್ಥ ಆಗಿಲ್ಲ ಅಂತಾನೆ. ಆ ಕಾಲು ನಿಮಿಷದ ತುಂಟತನ ನನಗೆ ಬಹಳ ಇಷ್ಟ. ಕೊನೆಗೆ, ಮಂಜೇ ಇರಬೇಕು ಅಂತ ಊಹೆ ಮಾಡ್ತಾನೆ, ಅಷ್ಟೆ.

ಅದಕ್ಕೂ ಮುಂಚೆ 55ನೇ ಅಧ್ಯಾಯದಲ್ಲಿ ತಿಮಿಂಗಿಲದ ಚಿತ್ರ ಬರೆದವರನ್ನೆಲ್ಲ ಜಾಡಿಸಿ, ಇದನ್ನ ಇದ್ದ ಹಾಗೆ ಬರೆಯೋಕೆ ಯಾರಿಂದಲೂ ಆಗಲ್ಲ ಅಂದಿರ್ತಾನೆ. ರಾಕ್‌ವೆಲ್ ಕೆಂಟ್ ಅನ್ನೋ ಕಲಾವಿದ ಈ ಕಾದಂಬರಿಯ 1930ರ ಆವೃತ್ತಿಗೆ ಬರೆದ ಕಪ್ಪು-ಬಿಳುಪು ಚಿತ್ರಗಳು ಸೊಗಸಾಗೇ ಇವೆ. ಆದ್ರೆ ಅಲ್ಲಿ ತಿಮಿಂಗಿಲ ನಮ್ಮ ಕಣ್ಣಿಗೆ ಸಲೀಸಾಗಿ ಸಿಕ್ಕಿಬಿಡತ್ತೆ. ಇಶ್ಮೇಲನ ಎಚ್ಚರಿಕೆಗೆ ನಿಜವಾಗಿ ಕಿವಿಗೊಟ್ಟವರು ಸ್ಟೆಲ್ಲಾ ಅಂತ ನಾನು ಹೇಳ್ತೀನಿ. ತಮಾಷೆ ಅಂದ್ರೆ, ಚಿತ್ರದಲ್ಲಿ ಕಣ್ಣಿಗೆ ಕಂಡದ್ದಷ್ಟೇ ಇರೋದು, ಅದರಾಚೆ ಏನೂ ಹುಡುಕಬೇಡಿ ಅಂತ 1960ರ ದಶಕದಲ್ಲಿ ವಾದಿಸಿದವರೂ ಇವರೇ! ಅಂಥವರು ಎಂಬತ್ತರ ದಶಕದ ನಡುವಿನಿಂದ ವರ್ಷಗಟ್ಟಲೆ ಇದೇ ಕಾದಂಬರಿಯ ಅಧ್ಯಾಯಗಳ ಹೆಸರನ್ನ ತಮ್ಮ ಕೃತಿಗಳಿಗೆ ಇಟ್ಕೊಂಡು ಹೋದರು.

ಈಗ ಅಚ್ಚಿನ ಮನೆಗೆ ಬನ್ನಿ. ಈ ಕೃತಿ ಅಚ್ಚಾಗಿದ್ದು ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೊದಲ್ಲಿದ್ದ ಕೆನೆತ್ ಟೈಲರ್ ಅವರ ಮುದ್ರಣಶಾಲೆಯಲ್ಲಿ. ಕೆತ್ತಿದ ಮರದ ಹಲಗೆ 3, ಲೋಹದ ತಗಡು 105, ಬಣ್ಣ 67. ಮರದಲ್ಲಿ ಉಬ್ಬಿದ ಭಾಗ ಶಾಯಿ ಹಿಡಿಯತ್ತೆ, ಬಟ್ಟೆಗೆ ಅಚ್ಚು ಒತ್ತೋ ಹಾಗೆ. ತಗಡಿನದು ಉಲ್ಟಾ. ಆಸಿಡ್ ತಿಂದ ಗೀರಿನೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸ್ತಾರೆ. ಪ್ರೆಸ್ಸಿನ ಒತ್ತಡಕ್ಕೆ ಒದ್ದೆ ಕಾಗದ ಆ ಗೀರಿಗೆ ಇಳಿದು ಶಾಯಿ ಎತ್ಕೊಂಡು ಬರತ್ತೆ. ಮರದಿಂದ ಗಟ್ಟಿ ಬಣ್ಣ, ಆಸಿಡ್ ಗೀರಿನಿಂದ, ಅಂದ್ರೆ ಎಚಿಂಗಿನಿಂದ, ಚೂಪು ಗೆರೆ, ತಗಡಿನದೇ ಇನ್ನೊಂದು ತಂತ್ರವಾದ ಅಕ್ವಾಟಿಂಟಿನಿಂದ ಮಬ್ಬು ಮಬ್ಬಾದ ಛಾಯೆ. ನೀರೂ ಉಂಟು, ಆವಿಯೂ ಉಂಟು, ಒಂದೇ ಹಾಳೆಯಲ್ಲಿ. ಯಾವುದಾದರೂ ಒಂದೇ ತಂತ್ರದಲ್ಲಿ ಮಾಡಿದ್ರೆ ತಕರಾರಿನ ಒಂದು ಕಡೆಗೆ ವಾಲಬೇಕಾಗ್ತಿತ್ತು.

ಇದರ ಒಂದು ಪ್ರತಿ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿ ಆಫ್ ಆಸ್ಟ್ರೇಲಿಯಾದಲ್ಲಿದೆ. ಅಷ್ಟು ದೂರ ಹೋಗೋದು ಕಷ್ಟ ಅನ್ನೋರು 85ನೇ ಅಧ್ಯಾಯ ಓದಿ. ಕೆಲವೇ ಪುಟ.