ಬಣ್ಣದ ದೀಪಕ್ಕೆ ಮರುಳಾಗಬೇಡಿ, ಒಳಗಿನ ಸಾಮಾನು ಕೇಳಿ!

ಗೋಕಾಕದಲ್ಲಿ ಸೇರಿದ್ದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯುವಕರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು



ನಾನು ಪಿಯುಸಿ ಓದಿದವನು. ಇಂಜಿನಿಯರ್ ಅಲ್ಲ, ಮುದ್ರಣ ನನ್ನ ಕಸುಬು. ಆದರೆ ಕಂಪ್ಯೂಟರ್ ಇಲ್ಲದೆ ಇವತ್ತು ಒಂದು ಲಗ್ನಪತ್ರಿಕೆಯೂ ಹೊರಬರುವುದಿಲ್ಲ. ಹಾಗಾಗಿ ಅದರ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಬಲ್ಲೆ. "ಗೇಮ್ ಆಡಲು ಮೊದಲ ಕಂಪ್ಯೂಟರ್ ಕಟ್ಟಿಸಬೇಕು, ಏನೇನು ಕೊಳ್ಳಲಿ ಅಣ್ಣಾ?" ಎಂದು ಹುಡುಗರು ಕೇಳುತ್ತಾರೆ. ಅದಕ್ಕೇ ಈ ಮಾತು.

ಆಟವೆಂದರೆ ಮೂಗು ಮುರಿಯುವವನಲ್ಲ ನಾನು. ಆದರೆ ರೊಕ್ಕ ಯಾರದು? ಕಬ್ಬಿನ ಬಿಲ್ಲು ಬಂದಾಗ ಅಪ್ಪ ಎಣಿಸಿ ಕೊಟ್ಟದ್ದು. ಇಲ್ಲವೇ ನೀವೇ ದೂರದ ಊರಲ್ಲಿ ದುಡಿದು ಉಳಿಸಿದ್ದು. ಅದನ್ನು ಹಿಡಿದು ಬೆಳಗಾವಿಗೋ, ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಿ "ಒಂದು ಗೇಮಿಂಗ್ ಪಿಸಿ ಕೊಡಿ" ಎಂದಷ್ಟೇ ಅಂದರೆ, ಆಯ್ಕೆಯನ್ನೆಲ್ಲ ಅಂಗಡಿಯವನ ಕೈಗೆ ಕೊಟ್ಟಂತೆ!

ಮೊದಲು ಪರದೆ ನಿರ್ಧರಿಸಿ. ನಮ್ಮ ಮುದ್ರಣದಲ್ಲಿ ಚಿತ್ರವೆಂದರೆ ಚುಕ್ಕಿಗಳ ಲೆಕ್ಕ. ಮಾನಿಟರಿನಲ್ಲೂ ಅಷ್ಟೇ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080. ಒಟ್ಟು 20 ಲಕ್ಷ 73 ಸಾವಿರಕ್ಕೂ ಹೆಚ್ಚು ಚುಕ್ಕಿ. 4ಕೆ ಪರದೆಯಲ್ಲಿ ಇದರ ನಾಲ್ಕು ಪಟ್ಟು. ಇವನ್ನೆಲ್ಲ ಸೆಕೆಂಡಿಗೆ 60 ಸಲ ಹೊಸದಾಗಿ ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಮೊದಲ ಕಂಪ್ಯೂಟರಿಗೆ ಫುಲ್ ಎಚ್‌ಡಿ ಸಾಕು. ದೊಡ್ಡ ಪಾಲು ರೊಕ್ಕ ಕಾರ್ಡಿಗೆ ಇಡಿ. "ಐ7 ಪ್ರೊಸೆಸರ್ ಇದೆ" ಎಂದರೆ ಹಿಗ್ಗಬೇಡಿ. ಹತ್ತು ವರ್ಷದ ಹಿಂದಿನದೂ ಐ7, ಯಾವ ತಲೆಮಾರಿನದು ಎಂದು ಕೇಳಿ. ದುಬಾರಿ ಪ್ರೊಸೆಸರಿಗೆ ಬಡಕಲು ಕಾರ್ಡ್ ಜೋಡಿಸುವುದೆಂದರೆ ಎತ್ತಿನ ಜೊತೆ ಕರು ಹೂಡಿದಂತೆ.

ಎರಡನೆಯದು ಹೊಂದಾಣಿಕೆ. ಮದರ್‌ಬೋರ್ಡಿನ ಸಾಕೆಟ್ಟಿಗೆ ಕೂಡುವ ಪ್ರೊಸೆಸರನ್ನೇ ಕೊಳ್ಳಬೇಕು. ಎಎಂಡಿಯ ಹಳೆಯ ಎಎಂ4 ಬೋರ್ಡಿಗೆ ಡಿಡಿಆರ್4 ರ‍್ಯಾಮ್. 2022ರಲ್ಲಿ ಬಂದ ಎಎಂ5ಗೆ ಡಿಡಿಆರ್5. ಒಂದರದು ಇನ್ನೊಂದಕ್ಕೆ ಕೂಡುವುದೇ ಇಲ್ಲ. 16 ಜಿಬಿ ಬೇಕಾದರೆ 8 ಜಿಬಿಯ ಎರಡು ಹಾಕಿಸಿ, ವೇಗ ಹೆಚ್ಚು. ಆಟ ಬೇಗ ತೆರೆಯಬೇಕಾದರೆ ಎಸ್‌ಎಸ್‌ಡಿ ಇರಲಿ.

ಇನ್ನು ಮುಖ್ಯ ಮಾತು, ಕರೆಂಟು! ಹತ್ತೊಂಬತ್ತನೇ ಶತಮಾನದಲ್ಲೇ ಫಾಲ್ಸಿನ ನೀರಿನ ಬಲದಿಂದ ನೂಲಿನ ಗಿರಣಿ ಓಡಿಸಿದ ನೆಲ ಗೋಕಾಕ. 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡವರು ಹುಕ್ಕೇರಿಯವರು. ಇಂಥ ನಾಡಿನ ಹುಡುಗರು ರೊಕ್ಕ ಉಳಿಸುವುದು ಎಲ್ಲಿ? ಎಸ್‌ಎಂಪಿಎಸ್‌ನಲ್ಲಿ!

ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ನಂಬಬೇಡಿ. 12 ವೋಲ್ಟಿನಲ್ಲಿ ಎಷ್ಟು ವ್ಯಾಟ್ ಕೊಡುತ್ತದೆಂದು ಲೇಬಲ್ ಓದಿ. ಕಾರ್ಡಿಗೆ ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್, 8 ಪಿನ್ನಿನ ಒಂದು ವೈರಿನಿಂದ 150 ವ್ಯಾಟ್ ತನಕ ಬೇಕಾಗಬಹುದು. ಅದರ ಮೇಲೆ ಪ್ರೊಸೆಸರಿನ ಲೆಕ್ಕ. ಕೆಟ್ಟ ಎಸ್‌ಎಂಪಿಎಸ್ ಸುಟ್ಟರೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಯುಪಿಎಸ್ ಕೊಳ್ಳುವಾಗಲೂ ಎಚ್ಚರ! 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ವೈರ್‌ಮನ್ ಕರೆಸಿ ನೋಡಿಸಿ.

ಕೊನೆಗೆ ಕೊಟೇಶನ್. ನಮ್ಮ ಪ್ರೆಸ್ಸಿನಲ್ಲಿ ಕಾಗದ ಎಷ್ಟು ಜಿಎಸ್‌ಎಂ, ಎಷ್ಟು ಬಣ್ಣ ಎಂಬುದನ್ನೆಲ್ಲ ಬರೆದು ಕೊಡುತ್ತೇವೆ. ನೀವೂ ಬರೆಸಿಕೊಳ್ಳಿ. "ರ‍್ಯಾಮ್ 16 ಜಿಬಿ" ಎಂದಷ್ಟೇ ಇದ್ದರೆ ಒಪ್ಪಬೇಡಿ. ಕಂಪನಿ, ಮಾದರಿ, ವಾರಂಟಿ ಎಷ್ಟು ವರ್ಷ, ಎಲ್ಲವೂ ಬರಲಿ. ಸೀರಿಯಲ್ ನಂಬರ್ ಸಹಿತ ಜಿಎಸ್‌ಟಿ ಬಿಲ್ಲು ಪಡೆಯಿರಿ.

ಅಂಗಡಿಯವನು ಇಂಗ್ಲಿಷಿನಲ್ಲಿ ಗಡಗಡನೆ ಹೇಳಿದನೆಂದು ನಾಚಿಕೊಂಡು ತಲೆಯಾಡಿಸಬೇಡಿ. ಕನ್ನಡದಲ್ಲೇ ಕೇಳಿ, ತಿಳಿಯುವ ತನಕ ಕೇಳಿ. ಬಣ್ಣದ ದೀಪ ಮುಂದಿನ ವರ್ಷ ಹಾಕಿಸಿದರಾಯಿತು. ರೊಕ್ಕ ನಿಮ್ಮದು, ಕೇಳುವ ಹಕ್ಕೂ ನಿಮ್ಮದು!